ಥರ್ಮಾಕೋಲ್ ಗೋಡೆ ಭೂಕಂಪಕ್ಕೆ ತಡೆಯುತ್ತಾ?

ನಮ್ಮ ಚಿಕ್ಕಮ್ಮನ ಮಗ ಗುವಾಹಟಿಯಲ್ಲಿ ಒಂದು ಆನ್‌ಲೈನ್ ಶಾಪಿಂಗ್ ಕಂಪನಿಯ ಗೋದಾಮಿನಲ್ಲಿ ಶಿಫ್ಟ್ ಮ್ಯಾನೇಜರ್. ಕೆಲಸಕ್ಕೆ ಸೇರಿದ ಎರಡನೇ ವಾರ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಬಿಳಿ ಬಣ್ಣದ ಉದ್ದನೆಯ ಗೋಡೆ, ಅಷ್ಟೆ. ಕೆಳಗೆ ಮೆಸೇಜು: "ಅಕ್ಕಾ, ಬೆರಳಲ್ಲಿ ತಟ್ಟಿದರೆ ಬಿಸ್ಕೆಟ್ ಡಬ್ಬದ ಥರ ಸದ್ದು ಬರುತ್ತೆ. ಒಳಗೆ ಥರ್ಮಾಕೋಲ್ ಅಂತೆ. ಇಲ್ಲಿ ಆಗಾಗ ಭೂಮಿ ನಡುಗುತ್ತೆ. ಇದು ನಿಲ್ಲುತ್ತಾ?"

ನಾನು ಬೆಂಗಳೂರಿನಲ್ಲಿ ಉಕ್ಕಿನ ಕಟ್ಟಡಗಳ ವಿನ್ಯಾಸ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್. ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಟೆರೇಸ್ ಮೇಲೆ ಪಿಯುಎಫ್ ಪ್ಯಾನೆಲ್ ರೂಮ್ ಹಾಕಿಸಬೇಕು ಎನ್ನುವವರು, ಹೈವೇ ಪಕ್ಕ ಶೆಡ್ ಬಾಡಿಗೆಗೆ ತಗೊಂಡು ಜಿಮ್ ಮಾಡಿದವರು, ಕೋಲ್ಡ್ ಸ್ಟೋರೇಜ್ ಕಟ್ಟಿಸುವವರು. ಎಲ್ಲರ ಮನಸ್ಸಿನಲ್ಲೂ ಒಂದೇ ನಂಬಿಕೆ: ಗಟ್ಟಿ ಗೋಡೆ ಅಂದರೆ ಭಾರದ ಗೋಡೆ, ಹಗುರವಾಗಿದ್ದರೆ ಬಿದ್ದು ಹೋಗುತ್ತೆ. ಭೂಕಂಪದ ವಿಷಯದಲ್ಲಿ ಈ ನಂಬಿಕೆ ಬಹುತೇಕ ತಲೆಕೆಳಗು. ಆದರೆ "ಬಹುತೇಕ" ಅನ್ನುವ ಪದವನ್ನು ಸುಮ್ಮನೆ ಹಾಕಿಲ್ಲ. ಉಳಿದ ಭಾಗದಲ್ಲೇ ಅಪಾಯ ಇರೋದು.

ಮೊದಲು ಈ ಗೋಡೆ ಏನು ಅಂತ ನೋಡೋಣ. ಎರಡು ತೆಳು ಉಕ್ಕಿನ ಹಾಳೆ, ಒಂದೊಂದೂ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ನಡುವೆ ಶಾಖ ತಡೆಯುವ ವಸ್ತು. ಅದು ಪಾಲಿಯುರಥೇನ್ ನೊರೆ ಆಗಿರಬಹುದು, ನಾವು ಥರ್ಮಾಕೋಲ್ ಅನ್ನುವ ಇಪಿಎಸ್ ಆಗಿರಬಹುದು, ಕಲ್ಲಿನ ಎಳೆಗಳ ರಾಕ್‌ವೂಲ್ ಆಗಿರಬಹುದು. ಮೂರೂ ಅಂಟಿಕೊಂಡು ಒಂದೇ ವಸ್ತುವಿನಂತೆ ಕೆಲಸ ಮಾಡುತ್ತವೆ. ಹೊರಗಿನ ಹಾಳೆ ಎಳೆತ ತಗೊಳ್ಳುತ್ತೆ, ಒಳಗಿನದು ಒತ್ತಡ ತಗೊಳ್ಳುತ್ತೆ, ನಡುವಿನ ನೊರೆ ಇಬ್ಬರೂ ಬೇರೆಯಾಗದ ಹಾಗೆ ಹಿಡಿದಿರುತ್ತೆ. ರೈಲ್ವೆ ಹಳಿಯ ಮೇಲೂ ಕೆಳಗೂ ದಪ್ಪ, ನಡುವೆ ಸಣಕಲು ಇರುತ್ತಲ್ಲ, ಅದೇ ತತ್ವ. ಬರೀ ನೊರೆಯನ್ನು ಕೈಯಲ್ಲಿ ಮುರಿಯಬಹುದು, ಬರೀ ಹಾಳೆಯನ್ನು ಮಡಚಬಹುದು, ಎರಡೂ ಸೇರಿದ ಪ್ಯಾನೆಲ್ ಮೇಲೆ ಒಬ್ಬ ಆಳು ನಿಲ್ಲಬಹುದು.

ತೂಕದ ಲೆಕ್ಕ

ಭೂಕಂಪ ಕಟ್ಟಡವನ್ನು ಹೊರಗಿನಿಂದ ತಳ್ಳುವುದಿಲ್ಲ. ನೆಲ ಸರಿಯುತ್ತೆ, ಕಟ್ಟಡದ ತೂಕ ಇದ್ದಲ್ಲೇ ಇರಲು ನೋಡುತ್ತೆ. ಬಿಎಂಟಿಸಿ ಬಸ್ಸು ಗಕ್ಕನೆ ಹೊರಟಾಗ ನಾವು ಹಿಂದಕ್ಕೆ ವಾಲುತ್ತೇವಲ್ಲ, ಹಾಗೆ. ತೂಕ ಹೆಚ್ಚಿದ್ದಷ್ಟೂ ಬಲ ಹೆಚ್ಚು.

ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಗಾರೆ ಸೇರಿ, ಒಂದು ಚದರ ಮೀಟರಿಗೆ ಸುಮಾರು 480ರಿಂದ 500 ಕಿಲೋ ತೂಗುತ್ತೆ. 50 ಮಿ.ಮೀ. ದಪ್ಪದ ಪಿಯುಎಫ್ ಪ್ಯಾನೆಲ್ ಎಷ್ಟು ಗೊತ್ತಾ? ಉಕ್ಕು ಸುಮಾರು 8 ಕಿಲೋ, ನೊರೆ 2 ಕಿಲೋ, ಒಟ್ಟು 10. ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆ ಇಟ್ಟಿಗೆಯದಾದರೆ 14-15 ಟನ್. ಅಂದರೆ ತುಂಬಿದ ಲಾರಿ. ಪ್ಯಾನೆಲ್ ಆದರೆ 300 ಕಿಲೋ, ಎರಡು ಬೈಕಿನಷ್ಟು.

ಐಎಸ್ 1893 ಅನ್ನುವ ನಮ್ಮ ದೇಶದ ಭೂಕಂಪ ಸಂಹಿತೆಯ 2016ರ ಆವೃತ್ತಿಯ ನಕ್ಷೆಯಲ್ಲಿ ಗುವಾಹಟಿ 5ನೇ ವಲಯದಲ್ಲಿದೆ. ಆ ವಲಯದ ಗುಣಾಂಕ 0.36. ಅಂದರೆ ದೊಡ್ಡ ಭೂಕಂಪದಲ್ಲಿ ನೆಲದ ಅಲುಗಾಟ ಗುರುತ್ವಾಕರ್ಷಣೆಯ ಮೂರನೇ ಒಂದಕ್ಕಿಂತ ಜಾಸ್ತಿ ಆಗಬಹುದು ಅಂತ. ತೀರಾ ಅಂದಾಜಿಗೆ ಇಷ್ಟನ್ನೇ ಗುಣಿಸಿದರೂ ಇಟ್ಟಿಗೆ ಗೋಡೆಯ ಪ್ರತಿ ಚದರ ಮೀಟರನ್ನು 170-180 ಕಿಲೋ ಬಲ ಪಕ್ಕಕ್ಕೆ ಎಳೆಯುತ್ತೆ. ಪ್ಯಾನೆಲ್‌ಗೆ ನಾಲ್ಕು ಕಿಲೋ ಕೂಡ ಇಲ್ಲ.

ಇದರ ಪಕ್ಕದಲ್ಲಿ ಗಾಳಿಯನ್ನು ಇಡಿ. ಗಾಳಿಯ ಸಂಹಿತೆಯ ಪ್ರಕಾರ ಗುವಾಹಟಿಗೆ ಸೆಕೆಂಡಿಗೆ 50 ಮೀಟರ್ ವೇಗ ಹಿಡಿಯಬೇಕು. ಅದು ಗೋಡೆಯ ಮೇಲೆ ಚದರ ಮೀಟರಿಗೆ ಸುಮಾರು 150 ಕಿಲೋ ಒತ್ತಡ. ಬೆಂಗಳೂರಿನ 33 ಮೀಟರ್ ವೇಗಕ್ಕೇ ಸುಮಾರು 65 ಕಿಲೋ. ಬಿರುಗಾಳಿಗೆ ಸರಿಯಾಗಿ ಲೆಕ್ಕ ಹಾಕಿ ಸ್ಕ್ರೂ ಹೊಡೆದ ಪ್ಯಾನೆಲ್‌ಗೆ ಭೂಕಂಪದ ಬಲ ಅನ್ನೋದು ಸೊಳ್ಳೆ ಕಚ್ಚಿದ ಹಾಗೆ. ತಮ್ಮನಿಗೆ ಆ ರಾತ್ರಿ ಮೊದಲು ಬರೆದ ಉತ್ತರ ಇದೇ: ಗೋಡೆ ನಿನ್ನ ಮೇಲೆ ಕುಸಿಯುವ ಭಯ ಬಿಡು.

ಹಾಗಾದರೆ ಮುಗಿಯಿತಲ್ಲ ಅಂತೀರಾ? ಇಲ್ಲ.

ಬಲ ಅಲ್ಲ, ವಾಲಾಟ

ಉಕ್ಕಿನ ಚೌಕಟ್ಟು ಬಳುಕುತ್ತೆ. ಬಳುಕುವುದೇ ಅದರ ಗುಣ, ಅದಕ್ಕೇ ನಮಗೆ ಅದು ಇಷ್ಟ. ಭೂಕಂಪದಲ್ಲಿ ಕಂಬ-ತೊಲೆಗಳ ಆಯತ ಒಂದು ಕಡೆಗೆ ವಾಲಿ, ಸಮಾಂತರ ಚತುರ್ಭುಜ ಆಗಿ, ಮತ್ತೆ ಇನ್ನೊಂದು ಕಡೆಗೆ ವಾಲುತ್ತೆ. ಸಂಹಿತೆಯ ಪ್ರಕಾರ ವಿನ್ಯಾಸದ ಬಲಕ್ಕೆ ಒಂದು ಅಂತಸ್ತು ತನ್ನ ಎತ್ತರದ 0.004 ಭಾಗಕ್ಕಿಂತ ಹೆಚ್ಚು ಸರಿಯಬಾರದು. ಮೂರು ಮೀಟರಿಗೆ 12 ಮಿ.ಮೀ. ಕೇಳಲು ಏನೂ ಅಲ್ಲ ಅನ್ನಿಸುತ್ತೆ.

ಆದರೆ ವಿನ್ಯಾಸದ ಬಲ ಅನ್ನೋದು ನಿಜವಾದ ಬಲ ಅಲ್ಲ. ಉಕ್ಕು ಬಾಗಿ, ಇಳುವರಿ ಕೊಟ್ಟು, ಶಕ್ತಿ ನುಂಗಿಕೊಳ್ಳುತ್ತೆ ಅನ್ನುವ ಭರವಸೆಯ ಮೇಲೆ ನಾವು ಬಲವನ್ನು ಭಾಗಿಸಿಕೊಳ್ಳುತ್ತೇವೆ. ಸಾಮಾನ್ಯ ಉಕ್ಕಿನ ಚೌಕಟ್ಟಿಗೆ 3ರಿಂದ, ವಿಶೇಷ ವಿವರಗಳೊಂದಿಗೆ ಕಟ್ಟಿದ್ದಕ್ಕೆ 5ರಿಂದ. ಭಾಗಿಸಿದ ಬಲ ನಿಜವಾದ ಭೂಕಂಪದ ದಿನ ವಾಲಾಟದ ರೂಪದಲ್ಲಿ ವಾಪಸ್ ಬರುತ್ತೆ. 12 ಅನ್ನು 5ರಿಂದ ಗುಣಿಸಿ: 60 ಮಿ.ಮೀ. ಒಂದೇ ಅಂತಸ್ತಿನಲ್ಲಿ ಎರಡೂವರೆ ಇಂಚು ಆಚೆ, ಎರಡೂವರೆ ಇಂಚು ಈಚೆ, ಅದೂ ಸೆಕೆಂಡುಗಳ ಒಳಗೆ.

ಚೌಕಟ್ಟು ಇದನ್ನು ತಡೆದುಕೊಳ್ಳುತ್ತೆ. ಗೋಡೆ ಏನು ಮಾಡಬೇಕು?

ಒಂದು ಬೆಂಕಿಪೊಟ್ಟಣದ ಹೊರಗವಚ ತಗೊಂಡು ಪಕ್ಕಕ್ಕೆ ಒತ್ತಿ. ಸಲೀಸಾಗಿ ವಾಲುತ್ತೆ. ಒಳಗೆ ಡ್ರಾಯರ್ ತೂರಿಸಿ ಒತ್ತಿ. ಈಗ ವಾಲಲ್ಲ, ಮೂಲೆ ಜಜ್ಜುತ್ತೆ. ಚೌಕಟ್ಟಿಗೆ ಬಿಗಿಯಾಗಿ ಬೆಸೆದ ಗೋಡೆಯ ಕಥೆ ಇದೇ. ಚೌಕಟ್ಟು ವಾಲಲು ನೋಡುತ್ತೆ, ಗೋಡೆ ಬಿಡಲ್ಲ, ಮೂಲೆಯಿಂದ ಮೂಲೆಗೆ ಒಂದು ಕರ್ಣದಂತೆ ಒತ್ತಡ ಹರಿಯುತ್ತೆ. ಇಟ್ಟಿಗೆಯಾದರೆ ಎಕ್ಸ್ ಆಕಾರದ ಬಿರುಕು. ಪ್ಯಾನೆಲ್ ಆದರೆ ಹಾಳೆ ಸುಕ್ಕಾಗುತ್ತೆ, ಸ್ಕ್ರೂ ಸುತ್ತ ತೂತು ಹರಿದು ಉದ್ದವಾಗುತ್ತೆ, ಇಲ್ಲವೇ ಸ್ಕ್ರೂ ಕಿತ್ತು ಬರುತ್ತೆ. ಮೂರನೆಯದೇ ಕೆಟ್ಟದ್ದು. ತೂತು ಉದ್ದವಾಗೋದು ಒಂದು ರೀತಿ ಒಳ್ಳೆಯದೇ, ಅಲ್ಲೂ ಶಕ್ತಿ ಸ್ವಲ್ಪ ಕರಗುತ್ತೆ. ಸ್ಕ್ರೂ ಕಿತ್ತರೆ ಮುಂದಿನ ಗಾಳಿಗೆ ಪ್ಯಾನೆಲ್ ಹಾರುತ್ತೆ.

ಇದನ್ನು ಕಂಪ್ಯೂಟರಿನಲ್ಲಿ ಮಾತ್ರ ನೋಡಿದರೆ ಸಾಲದು. ಪ್ರಯೋಗಾಲಯದಲ್ಲಿ ಪೂರ್ಣ ಗಾತ್ರದ ಉಕ್ಕಿನ ಚೌಕಟ್ಟು ಕಟ್ಟಿ, ಪ್ಯಾನೆಲ್ ಕೂರಿಸಿ, ಹೈಡ್ರಾಲಿಕ್ ಜಾಕಿನಿಂದ ನಿಧಾನ ಆಚೆ ಈಚೆ ತಳ್ಳುತ್ತಾರೆ. ಮೊದಲು ಕೆಲವೇ ಮಿ.ಮೀ., ಆಮೇಲೆ ಹಂತ ಹಂತವಾಗಿ ಜಾಸ್ತಿ. ಪ್ರತಿ ಸುತ್ತಿಗೂ ಎಷ್ಟು ತಳ್ಳಿದಾಗ ಎಷ್ಟು ಸರಿಯಿತು ಅಂತ ಗ್ರಾಫ್ ಬರೆಯುತ್ತಾರೆ, ಅದೊಂದು ಕುಣಿಕೆಯ ಆಕಾರ ಆಗುತ್ತೆ. ಕುಣಿಕೆ ದಪ್ಪಗಿದ್ದರೆ ಶಕ್ತಿ ನುಂಗುತ್ತಿದೆ ಅಂತ ಅರ್ಥ. ನಡು ಸೊರಗಿ ಸೊಂಟ ಹಿಡಿದ ಹಾಗಿದ್ದರೆ ಸ್ಕ್ರೂ ತೂತುಗಳು ಸಡಿಲವಾಗಿವೆ. ಪ್ಯಾನೆಲ್ ಗೋಡೆಗಳಲ್ಲಿ ಸೊರಗಿದ ಕುಣಿಕೆಯೇ ಮಾಮೂಲಿ. ಅಲ್ಲಿ ಕೆಲಸ ನಡೆಯೋದೆಲ್ಲ ಜೋಡಣೆಯಲ್ಲೇ.

ಕಂಪನದ ಮೇಜು ಅನ್ನುವ ಯಂತ್ರವೂ ಇದೆ. ನಮ್ಮ ಬೆಂಗಳೂರಿನ ಸಿಪಿಆರ್‌ಐನಲ್ಲೇ ಮೂರು ಮೀಟರ್ ಅಗಲ-ಉದ್ದದ, ಹತ್ತು ಟನ್ ಹೊರುವ ಒಂದು ಮೇಜಿದೆ. ಮುಖ್ಯವಾಗಿ ವಿದ್ಯುತ್ ಉಪಕರಣಗಳನ್ನು ಅಲ್ಲಾಡಿಸಿ ನೋಡಲು. ಸದಾಶಿವನಗರದ ಆಸುಪಾಸು ಓಡಾಡುವ ಎಷ್ಟು ಜನಕ್ಕೆ ಕಾಂಪೌಂಡಿನ ಒಳಗೆ ಕೃತಕ ಭೂಕಂಪ ಮಾಡ್ತಾರೆ ಅಂತ ಗೊತ್ತೋ!

ಜಪಾನ್ ಕಲಿತ ಪಾಠ

ಈ ವಿಷಯದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಜಪಾನಿನ ಒಂದು ಉದಾಹರಣೆಯಿಂದ. ಅಲ್ಲಿ ಉಕ್ಕಿನ ಕಟ್ಟಡಗಳ ಹೊರಗೋಡೆಗೆ ಎಎಲ್‌ಸಿ ಪ್ಯಾನೆಲ್ ಬಹಳ ಬಳಸುತ್ತಾರೆ. ನಮ್ಮಲ್ಲಿ ಅಪಾರ್ಟ್‌ಮೆಂಟುಗಳಿಗೆ ಎಎಸಿ ಬ್ಲಾಕ್ ಬರುತ್ತಲ್ಲ, ನೀರಲ್ಲಿ ತೇಲುವಂಥ ಬೂದು ಇಟ್ಟಿಗೆ, ಅದೇ ವಸ್ತು. ಒಳಗೆ ಸಣ್ಣ ಸರಳು ಹಾಕಿ ಉದ್ದನೆಯ ಹಲಗೆ ಮಾಡಿರುತ್ತಾರೆ, ಸಾಮಾನ್ಯವಾಗಿ 600 ಮಿ.ಮೀ. ಅಗಲ. ಅದರೊಳಗಿನ ಗಾಳಿಗುಳ್ಳೆಗಳೇ ಶಾಖ ತಡೆಯುತ್ತವೆ. ಉಕ್ಕಿನ ಪ್ಯಾನೆಲ್‌ಗಿಂತ ಭಾರ, ಇಟ್ಟಿಗೆಗಿಂತ ತುಂಬಾ ಹಗುರ.

ಹಳೆಯ ಪದ್ಧತಿಯಲ್ಲಿ ಎರಡು ಹಲಗೆಗಳ ನಡುವಿನ ಗಾಡಿಯಲ್ಲಿ ಸರಳು ಇಟ್ಟು ಗಾರೆ ಸುರಿದು ಬಿಗಿ ಮಾಡುತ್ತಿದ್ದರು. ನೋಡಲು ಗಟ್ಟಿ. 1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಕೋಬೆ ಭೂಕಂಪ ಆಯಿತು. ಸತ್ತವರು 6,400ಕ್ಕೂ ಹೆಚ್ಚು. ಉಕ್ಕಿನ ಕಟ್ಟಡಗಳಲ್ಲಿ ಕಂಬ-ತೊಲೆ ಸೇರುವ ಕಡೆ ಬೆಸುಗೆಗಳು ಬಿರಿದವು. ಸರಿಯಾಗಿ ಒಂದು ವರ್ಷ ಹಿಂದೆ, ಅದೇ ಜನವರಿ 17ರಂದು, ಅಮೆರಿಕದ ನಾರ್ತ್‌ರಿಡ್ಜ್‌ನಲ್ಲೂ ಇದೇ ಬೆಸುಗೆ ಸಮಸ್ಯೆ ಬಯಲಾಗಿತ್ತು. ತಾರೀಕು ಒಂದೇ ಆದದ್ದು ಕಾಕತಾಳೀಯ, ಪಾಠ ಮಾತ್ರ ಅಲ್ಲ. ಗೋಡೆಗಳ ಕಡೆ ನೋಡಿದರೆ, ಗಾರೆ ಸುರಿದು ಬಿಗಿ ಮಾಡಿದ ಹಲಗೆಗಳು ಒಡೆದು ಬೀದಿಗೆ ಉದುರಿದ್ದವು. ನಸುಕಿನಲ್ಲಿ ಬೀದಿಯಲ್ಲಿ ಜನ ಇರಲಿಲ್ಲ, ಅದಷ್ಟೇ ಪುಣ್ಯ.

ಆಮೇಲೆ ಅವರು ಹಲಗೆಯನ್ನು ದಪ್ಪ ಮಾಡಲಿಲ್ಲ, ಜೋಡಣೆ ಬದಲಾಯಿಸಿದರು. ರಾಕಿಂಗ್ ಪದ್ಧತಿ ಮುಖ್ಯವಾಯಿತು. ಪ್ರತಿ ಹಲಗೆಯನ್ನು ಮೇಲೊಂದು, ಕೆಳಗೊಂದು ಕೊಂಡಿಯಲ್ಲಿ ಹಿಡಿಸುತ್ತಾರೆ. ಚೌಕಟ್ಟು ವಾಲಿದಾಗ ಪ್ರತಿ ಹಲಗೆಯೂ ತಾನಿದ್ದಲ್ಲೇ ತೂಗುಕುರ್ಚಿಯ ಹಾಗೆ ಒಂದಿಷ್ಟು ವಾಲಿ, ಪಕ್ಕದ ಹಲಗೆಯ ಮೇಲೆ ಜಾರುತ್ತೆ. ಯಾವುದೂ ಯಾವುದನ್ನೂ ಜಜ್ಜಲ್ಲ.

ಲೆಕ್ಕ ಸುಲಭ, ಮಾಡಿ ನೋಡಿ. ಮೂರು ಮೀಟರಿಗೆ 60 ಮಿ.ಮೀ. ಅಂದರೆ 50ಕ್ಕೆ 1ರ ಓಟ. 600 ಮಿ.ಮೀ. ಅಗಲದ ಹಲಗೆ ಅಷ್ಟು ವಾಲಿದರೆ ಅಂಚುಗಳು ಒಂದರ ಮೇಲೊಂದು 12 ಮಿ.ಮೀ. ಜಾರುತ್ತವೆ. ಒಂದು ಮೀಟರ್ ಅಗಲದ ಪ್ಯಾನೆಲ್ ಆದರೆ 20 ಮಿ.ಮೀ. ನಾಲ್ಕು ಮೀಟರ್ ಅಗಲದ ಒಂದೇ ತುಂಡಾದರೆ 80. ಅಷ್ಟು ಜಾಗ ಯಾರೂ ಕೊಡಲ್ಲ, ಕೊಟ್ಟರೆ ಮಳೆನೀರು ಒಳಗೆ. ಹಾಗಾಗಿ ಕಿರಿದಾದ ಪ್ಯಾನೆಲ್‌ಗಳ ಸಾಲು, ನಡುವೆ ರಬ್ಬರಿನಂತೆ ಹಿಗ್ಗುವ ಸೀಲೆಂಟ್. "ಜಾಯಿಂಟ್ ಕಡಿಮೆ ಇದ್ದಷ್ಟೂ ಚೆಂದ" ಅನ್ನುವ ಆರ್ಕಿಟೆಕ್ಟ್ ಗೆಳೆಯರ ಜತೆ ನನ್ನ ಜಗಳ ಶುರುವಾಗೋದೇ ಇಲ್ಲಿ.

ಹ್ಯೋಗೊ ಪ್ರಾಂತದ ಮಿಕಿ ಊರಿನಲ್ಲಿ 2005ರಿಂದ ಇ-ಡಿಫೆನ್ಸ್ ಅನ್ನುವ ಕಂಪನ ಮೇಜಿದೆ. 20 ಮೀಟರ್ ಉದ್ದ, 15 ಮೀಟರ್ ಅಗಲ, 1,200 ಟನ್ ಹೊರುತ್ತೆ. 2007ರಲ್ಲಿ ಅದರ ಮೇಲೆ ನಾಲ್ಕು ಅಂತಸ್ತಿನ ನಿಜವಾದ ಉಕ್ಕಿನ ಕಟ್ಟಡ ಕಟ್ಟಿ, ಹೊರಗೆ ಎಎಲ್‌ಸಿ ಹಲಗೆ ಹಾಕಿ, ಕೋಬೆಯ ತಕಾತೊರಿ ನಿಲ್ದಾಣದಲ್ಲಿ ದಾಖಲಾದ ಕಂಪನವನ್ನು ಹಂತ ಹಂತವಾಗಿ ಕೊಟ್ಟರು. ಪೂರ್ತಿ ತೀವ್ರತೆಗೆ ಮೊದಲ ಅಂತಸ್ತಿನ ಕಂಬಗಳು ಬಕಲ್ ಆಗಿ ಕಟ್ಟಡ ಕುಸಿಯಿತು. ಕುಸಿಯಲಿ ಅಂತಲೇ ಮಾಡಿದ ಪ್ರಯೋಗ ಅದು. ಗೋಡೆ ಎಷ್ಟೇ ಜಾಣತನದಿಂದ ಜಾರಲಿ, ಕಂಬ ಸೋತರೆ ಎಲ್ಲ ಸೋತ ಹಾಗೆ. ಗೋಡೆಯ ಬಗ್ಗೆ ಬರೆಯುವ ನನ್ನಂಥವರು ಇದನ್ನು ಮರೆಯಬಾರದು.

ನಮ್ಮಲ್ಲಿ ಹೇಗಿದೆ?

ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಲ್ಲಿ 2021ರ ಜನವರಿ 1ರಂದು ಆರು ಊರುಗಳಲ್ಲಿ ಹೊಸ ತಂತ್ರಜ್ಞಾನದ ವಸತಿ ಕಟ್ಟಡಗಳಿಗೆ ಶಂಕುಸ್ಥಾಪನೆ ಆಯಿತು. ಅದರಲ್ಲಿ ಎರಡು ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟವು. ಇಂದೋರಿನ 1,024 ಮನೆಗಳಿಗೆ ಉಕ್ಕಿನ ಚೌಕಟ್ಟಿನ ನಡುವೆ ಸ್ಯಾಂಡ್‌ವಿಚ್ ಪ್ಯಾನೆಲ್: ಎರಡು ಸಿಮೆಂಟ್ ಬೋರ್ಡ್‌ಗಳ ನಡುವೆ ಥರ್ಮಾಕೋಲ್ ಮಣಿ ಬೆರೆಸಿದ ಸಿಮೆಂಟು. ಅಗರ್ತಲಾದ 1,000 ಮನೆಗಳಿಗೆ ಉಕ್ಕಿನ ಚೌಕಟ್ಟಿನ ಜತೆ ತೆಳು ಉಕ್ಕಿನ ಗೋಡೆ ವ್ಯವಸ್ಥೆ. 2016ರ ನಕ್ಷೆಯಲ್ಲಿ ಅಗರ್ತಲಾ 5ನೇ ವಲಯ. ಭೂಕಂಪದ ಊರಿಗೆ ಹಗುರ ಗೋಡೆಯನ್ನೇ ಆರಿಸಿದ್ದು ನನಗೆ ಖುಷಿ ಕೊಟ್ಟ ಸಂಗತಿ.

ಈಶಾನ್ಯಕ್ಕೆ ಇದು ಹೊಸದೇನಲ್ಲ ಬಿಡಿ. 1897ರ ಜೂನ್ 12ರ ಮಹಾ ಭೂಕಂಪದಲ್ಲಿ ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ನೆಲಸಮ ಆದ ಮೇಲೆ ಅಲ್ಲಿ ಹರಡಿದ್ದು ಅಸ್ಸಾಂ ಮಾದರಿಯ ಮನೆ. ಮರದ ಚೌಕಟ್ಟು, ನಡುವೆ ಇಕರಾ ಜೊಂಡಿನ ಹೆಣಿಗೆ, ಮೇಲೆ ಮಣ್ಣಿನ ಮೆತ್ತನೆ ಲೇಪ, ತಗಡಿನ ಸೂರು. ಕಾಶ್ಮೀರದ ಧಜ್ಜಿ ದಿವಾರಿಯೂ ಇದೇ ಜಾತಿ. ನಮ್ಮ ಮಲೆನಾಡಿನ ತಟ್ಟಿಗೋಡೆಯನ್ನೂ ನೆನಪಿಸಿಕೊಳ್ಳಬಹುದು, ಆದರೆ ಅದು ಭೂಕಂಪಕ್ಕಾಗಿ ಹುಟ್ಟಿದ್ದಲ್ಲ. ಹಗುರ ಗೋಡೆ, ಬಳುಕುವ ಚೌಕಟ್ಟು, ಸಡಿಲ ಜೋಡಣೆ. ಎಂಜಿನಿಯರಿಂಗ್ ಪುಸ್ತಕ ಬರುವ ಮೊದಲೇ ಬಡಗಿಗಳಿಗೆ ಗೊತ್ತಿತ್ತು.

ಭಾರದ ಗೋಡೆಯ ಬೆಲೆ ಏನು ಅಂತ ನಮ್ಮ ಕಲಬುರಗಿ, ಬೀದರ್ ಕಡೆಯ ಹಿರಿಯರನ್ನು ಕೇಳಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಅವರೂ ಎದ್ದು ಹೊರಗೆ ಓಡಿದ್ದರು. ತೀವ್ರತೆ 6.2, ಅಂಥ ದೊಡ್ಡದೇನಲ್ಲ. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಕೊಂದದ್ದು ಬಹುಪಾಲು ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲಿನ ಮಣ್ಣಿನ ಮಾಳಿಗೆಗಳು. ಅಲ್ಲಿಯವರೆಗೆ ಆ ಜಾಗವನ್ನು ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯಕ್ಕೆ ಸೇರಿಸಿದ್ದರು. 2016ರ ನಕ್ಷೆಯಲ್ಲಿ ಬೆಂಗಳೂರು, ಮೈಸೂರು 2ನೇ ವಲಯ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ, ಮಂಗಳೂರು 3.

ಅರ್ಧ ಇಟ್ಟಿಗೆ, ಅರ್ಧ ಪ್ಯಾನೆಲ್

ನಿಜ ಹೇಳಬೇಕೆಂದರೆ ಪ್ಯಾನೆಲ್‌ಗಿಂತ ನನಗೆ ತಲೆನೋವು ಕೊಡುವುದು ಅದರ ಕೆಳಗಿನ ಇಟ್ಟಿಗೆ. ನೆಲಮಂಗಲದಿಂದ ಹೊಸಕೋಟೆವರೆಗೆ ಯಾವ ಶೆಡ್ ಬೇಕಾದರೂ ನೋಡಿ. ಕೆಳಗೆ ಎರಡು-ಮೂರು ಮೀಟರ್ ಬ್ಲಾಕ್ ಗೋಡೆ, ಅದರ ಮೇಲೆ ತಗಡು ಅಥವಾ ಪ್ಯಾನೆಲ್. ಫೋರ್ಕ್‌ಲಿಫ್ಟ್ ಗುದ್ದಿದರೂ ಏನಾಗಬಾರದು, ಕಳ್ಳ ಕೊರೆಯಬಾರದು, ಮಳೆನೀರು ತಾಗಬಾರದು. ಕಾರಣಗಳು ಸರಿಯಾಗೇ ಇವೆ.

ಆದರೆ ಆರು ಮೀಟರ್ ಕಂಬದ ಕೆಳಗಿನ ಅರ್ಧವನ್ನು ಈ ಗೋಡೆ ಬಿಗಿಯಾಗಿ ಹಿಡಿದುಕೊಂಡರೆ ಬಾಗಲು ಉಳಿಯೋದು ಮೇಲಿನ ಮೂರು ಮೀಟರ್ ಮಾತ್ರ. ಬಾಗುವ ಉದ್ದ ಅರ್ಧವಾದರೆ ಕಂಬದ ಬಿಗುಪು ಎಂಟು ಪಟ್ಟು ಏರುತ್ತೆ. ಉದ್ದದ ಘನಕ್ಕೆ ವಿಲೋಮ ಅದು. ಬಿಗಿಯಾದ ಕಂಬ ತನ್ನ ಪಾಲಿಗಿಂತ ಹೆಚ್ಚು ಬಲ ಎಳೆದುಕೊಳ್ಳುತ್ತೆ. ಒಂದು ಸಾಲಿನ ಕಂಬಗಳಿಗೆ ಗೋಡೆ ಇದ್ದು, ಎದುರು ಸಾಲಿಗೆ ರೋಲಿಂಗ್ ಶಟರ್ ಇದ್ದರೆ ಕಟ್ಟಡ ತಿರುಚಿಕೊಳ್ಳುತ್ತೆ. ಸಾಲದ್ದಕ್ಕೆ, ಮೇಲೆ ಹಿಡಿತವಿಲ್ಲದ ಆ ಬ್ಲಾಕ್ ಗೋಡೆ ಒಳಗೋ ಹೊರಗೋ ಉರುಳಬಹುದು. ಅದರ ಪಕ್ಕದಲ್ಲೇ ಪ್ಯಾಕಿಂಗ್ ಟೇಬಲ್ ಹಾಕಿರುತ್ತಾರೆ.

ಪರಿಹಾರ ದುಬಾರಿಯಲ್ಲ. ಕಂಬಕ್ಕೂ ಗೋಡೆಗೂ ನಡುವೆ ಒಂದಿಷ್ಟು ಅಂತರ ಬಿಟ್ಟು ಮೆತ್ತನೆ ವಸ್ತು ತುಂಬೋದು, ಗೋಡೆ ಉರುಳದಂತೆ ಅದಕ್ಕೇ ಪ್ರತ್ಯೇಕ ಸಣ್ಣ ಕಂಬಗಳನ್ನು ಕೊಡೋದು, ಮೇಲೊಂದು ಪಟ್ಟಿ ಹಾಕೋದು. ಡ್ರಾಯಿಂಗ್‌ನಲ್ಲಿ ಇದು ಒಂದು ಗೆರೆ. ಸೈಟಿನಲ್ಲಿ ಮೇಸ್ತ್ರಿ ಆ ಗೆರೆ ನೋಡಿ "ಇದೇನು ಮೇಡಂ, ಗ್ಯಾಪ್ ಬಿಟ್ಟರೆ ಇಲಿ ಬರಲ್ವಾ" ಅಂತಾರೆ, ಗಾರೆ ತುಂಬುತ್ತಾರೆ. ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಇಲಿಗೂ ಉತ್ತರ ಇರುವ ವಿವರ ಕೊಡೋದು ನಮ್ಮ ಕೆಲಸ.

ಹೋದ ವರ್ಷ ಉತ್ತರ ಭಾರತದ ಒಂದು ಸೈಟಿನಲ್ಲಿ, 4ನೇ ವಲಯ, ಇನ್ನೊಂದು ಥರದ್ದು ನೋಡಿದೆ. ಪ್ಯಾನೆಲ್ ಕ್ಲಿಪ್ಪಿಗೆ ಉದ್ದನೆಯ ತೂತು ಬರೆದಿದ್ದೆವು, ಬೋಲ್ಟ್ ಜಾರಲಿ ಅಂತ. ಗುತ್ತಿಗೆದಾರರು ಬೋಲ್ಟ್ ಹಾಕಿ, ಅಲ್ಲಾಡಬಾರದು ಅಂತ ವಾಷರನ್ನು ಸುತ್ತಲೂ ಬೆಸುಗೆ ಹಾಕಿಬಿಟ್ಟಿದ್ದರು. ತುಂಬಾ ಶ್ರದ್ಧೆಯಿಂದ, ನೀಟಾಗಿ. ಮುನ್ನೂರು ಚಿಲ್ಲರೆ ಕ್ಲಿಪ್ಪು. ಗ್ರೈಂಡರ್ ಹಿಡಿದು ಒಂದೊಂದೇ ಬಿಡಿಸಲು ನಾಲ್ಕು ದಿನ ಹಿಡಿಯಿತು, ದುಡ್ಡು ಯಾರು ಕೊಡಬೇಕು ಅನ್ನುವ ವಾದ ಇನ್ನೂ ಮುಗಿದಿಲ್ಲ. "ಗಟ್ಟಿ ಮಾಡಿದ್ದೇ ತಪ್ಪಾ?" ಅಂತ ಫೋರ್‌ಮನ್ ಕೇಳಿದ ಮುಖ ಇನ್ನೂ ಕಣ್ಣಮುಂದಿದೆ. ಅವರಿಗೆ ಯಾರೂ ಯಾಕೆ ಅಂತ ಹೇಳಿರಲಿಲ್ಲ. ಡ್ರಾಯಿಂಗ್‌ನಲ್ಲಿ ಆಕಾರ ಇತ್ತು, ಕಾರಣ ಇರಲಿಲ್ಲ. ಈಗ ನಮ್ಮ ಆಫೀಸಿನ ಪ್ರತಿ ಡ್ರಾಯಿಂಗ್‌ನಲ್ಲೂ ಆ ತೂತಿನ ಪಕ್ಕ ಒಂದು ಸಾಲು ಬರೆಯುತ್ತೇವೆ: ಇದು ಜಾರಬೇಕು, ಬೆಸುಗೆ ಹಾಕಬೇಡಿ. ಹಿಂದಿಯಲ್ಲೂ.

ಗೋಡೆಯೇ ಬಲ ಕೊಡಬಹುದಲ್ಲ?

ಕೆಲವು ಓದುಗರಿಗೆ ಅನ್ನಿಸಿರಬಹುದು: ಪ್ಯಾನೆಲ್ ಬಿಗಿಯಾಗಿ ಹಿಡಿದರೆ ಚೌಕಟ್ಟಿಗೆ ಸಹಾಯವೇ ಆಯ್ತಲ್ಲ? ಒಳ್ಳೆಯ ಪ್ರಶ್ನೆ. ಯುರೋಪಿನಲ್ಲಿ ಸ್ಯಾಂಡ್‌ವಿಚ್ ಪ್ಯಾನೆಲ್‌ಗಳನ್ನು ಸಣ್ಣ ಉಕ್ಕಿನ ಕಟ್ಟಡಗಳ ಸ್ಥಿರತೆಗೆ ಲೆಕ್ಕಕ್ಕೆ ತಗೊಳ್ಳುವ ಶಿಫಾರಸುಗಳೇ ಇವೆ. ಸ್ಕ್ರೂಗಳು ಹತ್ತಿರ ಹತ್ತಿರ ಇದ್ದರೆ ಗೋಡೆ ಗಣನೀಯ ಬಿಗುಪು ಕೊಡುತ್ತೆ. ಆದರೆ ಹಾಗೆ ಲೆಕ್ಕ ಹಾಕಿದ ಮೇಲೆ ಪ್ಯಾನೆಲ್ ಬರೀ ಹೊದಿಕೆ ಅಲ್ಲ, ಕಟ್ಟಡದ ಮೂಳೆ. ಮೂರು ವರ್ಷ ಬಿಟ್ಟು ಬಾಡಿಗೆದಾರರು ಹೊಸ ಲೋಡಿಂಗ್ ಬಾಗಿಲಿಗಾಗಿ ನಾಲ್ಕು ಪ್ಯಾನೆಲ್ ಕತ್ತರಿಸುತ್ತಾರೆ. ನಮ್ಮ ದೇಶದಲ್ಲಿ ಕತ್ತರಿಸೇ ಕತ್ತರಿಸುತ್ತಾರೆ. ಆದ್ದರಿಂದ ನಾನು ಗೋಡೆಯನ್ನು ನಂಬಿ ಬ್ರೇಸಿಂಗ್ ತೆಗೆಯುವ ಪಕ್ಷದವಳಲ್ಲ. ಚೌಕಟ್ಟು ಒಂಟಿಯಾಗಿ ನಿಲ್ಲಲಿ, ಗೋಡೆ ಜತೆಗೆ ಬಳುಕಲಿ.

ಬೆಂಕಿಯ ಮಾತೂ ಇಲ್ಲೇ ಬರಬೇಕು. ಭೂಕಂಪದ ಹಿಂದೆಯೇ ವಿದ್ಯುತ್ ಕಿಡಿ, ಗ್ಯಾಸ್ ಸೋರಿಕೆ ಬರುತ್ತವೆ. ಕೋಬೆಯಲ್ಲಿ ಓಣಿಗಳೇ ಸುಟ್ಟವು. ಪ್ಯಾನೆಲ್ ಅಂಚು ಬಿಟ್ಟುಕೊಂಡು ಒಳಗಿನ ನೊರೆ ಹೊರಬಿದ್ದರೆ ಅದು ಇಂಧನ. ದಕ್ಷಿಣ ಕೊರಿಯಾದ ಇಚೋನ್‌ನಲ್ಲಿ 2008ರಲ್ಲಿ ಕೋಲ್ಡ್ ಸ್ಟೋರೇಜ್ ಬೆಂಕಿಗೆ 40 ಜನ, 2020ರಲ್ಲಿ ಕಟ್ಟುತ್ತಿದ್ದ ಗೋದಾಮಿನ ಬೆಂಕಿಗೆ 38 ಜನ ಬಲಿಯಾದರು. ಎರಡರಲ್ಲೂ ಭೂಕಂಪ ಇರಲಿಲ್ಲ, ಯುರಥೇನ್ ನೊರೆ ಇತ್ತು. ಜನ ಕೆಲಸ ಮಾಡುವ ಕಟ್ಟಡಕ್ಕೆ ರಾಕ್‌ವೂಲ್ ಕೇಳಿ. 100 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಹದಿನೆಂಟು ಕಿಲೋ ಆಸುಪಾಸು ಬರುತ್ತೆ, ಭೂಕಂಪದ ಲೆಕ್ಕದಲ್ಲಿ ಆಗಲೂ ಹಗುರವೇ. ಬೆಲೆ ಜಾಸ್ತಿ, ಹೌದು.

ತಮ್ಮನಿಗೆ ಏನು ಹೇಳಿದೆ

ಗೋದಾಮಿನಲ್ಲಿ ಗೋಡೆಗಿಂತ ರ‍್ಯಾಕ್ ನೋಡು ಅಂದೆ. 2012ರ ಮೇ ತಿಂಗಳಲ್ಲಿ ಇಟಲಿಯ ಎಮಿಲಿಯಾ ಪ್ರದೇಶದಲ್ಲಿ ಒಂಬತ್ತು ದಿನದ ಅಂತರದಲ್ಲಿ ಎರಡು ಭೂಕಂಪ ಆದವು. ಎರಡನೆಯದು ಬೆಳಗ್ಗೆ ಒಂಬತ್ತಕ್ಕೆ, ಕಾರ್ಖಾನೆಗೆ ಜನ ವಾಪಸ್ ಬಂದಿದ್ದಾಗ. ಅಲ್ಲಿನ ಎಷ್ಟೋ ಶೆಡ್ಡುಗಳಲ್ಲಿ ಕಾಂಕ್ರೀಟ್ ತೊಲೆಗಳು ಕಂಬದ ಮೇಲೆ ಬರೀ ಕೂತಿದ್ದವು, ಭಾರದ ಕಾಂಕ್ರೀಟ್ ಗೋಡೆ ಹಲಗೆಗಳು ಕೊಂಡಿ ಕಳಚಿ ಬಿದ್ದವು. ಸತ್ತವರಲ್ಲಿ ಹಲವರು ಕೆಲಸದಲ್ಲಿದ್ದ ಕಾರ್ಮಿಕರು. ಪಾರ್ಮೆಸಾನ್ ಚೀಸ್ ಗೋದಾಮುಗಳಲ್ಲಿ, ಒಂದೊಂದೂ ಸುಮಾರು 40 ಕಿಲೋ ತೂಗುವ ಚೀಸ್ ಚಕ್ರಗಳ ಎತ್ತರದ ರ‍್ಯಾಕ್‌ಗಳು ಸಾಲು ಸಾಲಾಗಿ ಕುಸಿದಿದ್ದವು.

ಅವನ ಗೋದಾಮಿನಲ್ಲಿ ರ‍್ಯಾಕ್ ಕಾಲುಗಳು ನೆಲಕ್ಕೆ ಬೋಲ್ಟ್ ಆಗಿವೆಯಾ? ಭಾರದ ಡಬ್ಬಗಳು ಕೆಳಗಿವೆಯಾ, ಮೇಲಿವೆಯಾ? ಅವನು ಮರುದಿನ ನೋಡಿ ಬಂದು ಹೇಳಿದ: ಒಂದು ಸಾಲಿನ ಬೋಲ್ಟೇ ಇಲ್ಲ, ಅಕ್ಕಿ ಮೂಟೆಗಳು ಮೂರನೇ ಹಂತದಲ್ಲಿವೆ. ಮೂಟೆಗಳನ್ನು ಆ ವಾರವೇ ಕೆಳಗಿಳಿಸಿದರು, ಬೋಲ್ಟಿಗೆ ಅರ್ಜಿ ಹೋಗಿದೆ.

ಇನ್ನು ಗೋಡೆ. ಮೂಲೆಗೆ ಹೋಗಿ ನಿಲ್ಲು ಅಂದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಒಂದು ಗೋಡೆ ಉತ್ತರ-ದಕ್ಷಿಣ ವಾಲಿದರೆ ಇನ್ನೊಂದು ಅದಕ್ಕೆ ಅಡ್ಡ. ಅಲ್ಲಿ ಪ್ಯಾನೆಲ್‌ಗಳು ಒಂದಕ್ಕೊಂದು ಗುದ್ದಿಕೊಂಡಿದ್ದರೆ, ಮೇಲೊಂದು ಬಾಗಿಸಿದ ತಗಡು ಬಿಗಿಯಾಗಿ ಹೊಡೆದಿದ್ದರೆ, ಮೊದಲು ಕೀಳೋದು ಅದೇ. ಒಳಗೆ ಅಂತರ ಬಿಟ್ಟು, ತಗಡನ್ನು ಒಂದು ಕಡೆಗೆ ಮಾತ್ರ ಹೊಡೆದು, ಇನ್ನೊಂದು ಕಡೆ ಜಾರಲು ಬಿಟ್ಟಿದ್ದರೆ ಯಾರೋ ಯೋಚಿಸಿ ಮಾಡಿದ್ದಾರೆ ಅಂತ. ಹೊರಹೋಗುವ ಬಾಗಿಲಿನ ಚೌಕಟ್ಟಿನ ಸುತ್ತಲೂ ಹಾಗೇ. ಗೋಡೆ ವಾಲಿ ಬಾಗಿಲು ಸಿಕ್ಕಿಹಾಕಿಕೊಂಡರೆ ಗೋಡೆ ಬೀಳದಿದ್ದೂ ಏನು ಪ್ರಯೋಜನ?

2021ರ ಏಪ್ರಿಲ್ 28ರಂದು ಸೋನಿತ್‌ಪುರದ ಕಡೆ 6.4 ತೀವ್ರತೆಯ ಭೂಕಂಪ ಆದಾಗ ಗುವಾಹಟಿಯಲ್ಲೂ ಕಟ್ಟಡಗಳು ಬಿರುಕು ಬಿಟ್ಟಿದ್ದವು. ಅಂಥದ್ದು ಇನ್ನೊಮ್ಮೆ ಆದಮೇಲೆ ಪ್ಯಾನೆಲ್ ಗೋಡೆ ಮೇಲ್ನೋಟಕ್ಕೆ ಏನೂ ಆಗದ ಹಾಗೆ ಬೆಳ್ಳಗೆ ನಿಂತಿರುತ್ತೆ. ಹತ್ತಿರ ಹೋಗಿ ಸ್ಕ್ರೂ ತಲೆಗಳನ್ನು ನೋಡಬೇಕು. ರಬ್ಬರ್ ವಾಷರ್ ಪಕ್ಕಕ್ಕೆ ಜಾರಿದೆಯಾ, ತಲೆ ಓರೆಯಾಗಿದೆಯಾ, ಸುತ್ತ ಹಾಳೆಯಲ್ಲಿ ಅರ್ಧಚಂದ್ರದ ಗುರುತು ಬಿದ್ದಿದೆಯಾ. ಆಮೇಲೆ ಬೆರಳಲ್ಲಿ ಅಲ್ಲಲ್ಲಿ ತಟ್ಟಬೇಕು. ಹಾಳೆ ಮತ್ತು ನೊರೆ ಬಿಟ್ಟುಕೊಂಡ ಕಡೆ ಸದ್ದು ಬದಲಾಗುತ್ತೆ, ಟೊಳ್ಳಾಗಿ ಕೇಳುತ್ತೆ. ಅಂಥ ಪ್ಯಾನೆಲ್‌ಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೊ ತೆಗೆದು, ಮಳೆಗಾಲದ ಗಾಳಿ ಶುರುವಾಗುವ ಮೊದಲು ಬದಲಾಯಿಸಲು ಹೇಳಬೇಕು.